ನಲವತ್ತೊಂದನೇ ಪುಟ ತೆರೆಯುವ ಮೊದಲು

ಪ್ರೀತಿಯ ಚಿಕ್ಕಮ್ಮನಿಗೆ,

ನೀನು ಕೇಳಿದ ಫೈಲು ಈ ಕಾಗದದ ಕೆಳಗೇ ಇದೆ. ದಯವಿಟ್ಟು ಮೊದಲು ಕಾಗದ ಓದು, ಫೈಲು ಆಮೇಲೆ. ಅದರ ನಲವತ್ತೊಂದನೇ ಪುಟದಲ್ಲಿ ನಿನ್ನ ಬಗ್ಗೆ ನಾನು ಒಂದು ಸುಳ್ಳು ಬರೆದಿದ್ದೇನೆ. ಆ ಸುಳ್ಳಿನಿಂದಲೇ ನನಗೆ ಸರ್ಟಿಫಿಕೇಟು ಬಂತು, ಆ ಸುಳ್ಳಿನಿಂದಲೇ ಆಸ್ಪತ್ರೆಯ ಲಾಂಡ್ರಿ ನಿನ್ನ ಕೈತಪ್ಪಿತು. ಇದನ್ನು ನೀನು ನನ್ನ ಬಾಯಿಂದ ತಿಳಿಯಬೇಕಿತ್ತು. ಬಾಯಿಂದ ಎನ್ನುತ್ತಲೇ ಬರೆಯುತ್ತಿದ್ದೇನೆ ನೋಡು, ಅದರಲ್ಲೂ ಹೇಡಿತನ. ಎದುರಿಗೆ ಬಂದು ಕೂತರೆ ನೀನು ಮೊದಲು "ಏನಾದ್ರೂ ತಿಂದ್ಯಾ?" ಎನ್ನುತ್ತೀಯ, ನಾನು ಹೂಂ ಎನ್ನುತ್ತೇನೆ, ಅಲ್ಲಿಗೆ ನನ್ನ ಧೈರ್ಯ ಮುಗಿಯುತ್ತದೆ. ಹೋದ ವಾರದಿಂದ ಮೂರು ಸಲ ಹಾಗೇ ಆಗಿದೆ.

ಕ್ಷೇಮ ಸಮಾಚಾರ ಬರೆಯುವುದಿಲ್ಲ. ಮೂರು ಬಾಗಿಲು ದಾಟಿದರೆ ನಿನ್ನ ಮನೆ, ನಾನು ಹೇಗಿದ್ದೇನೆ ಎಂದು ನಿನಗೆ ಗೊತ್ತು. ಹೇಗಿದ್ದೇನೆ ಎಂದಷ್ಟೇ ಗೊತ್ತು, ಎಂಥವಳು ಎಂದು ಗೊತ್ತಿಲ್ಲ.

ಆ ಕೋರ್ಸಿಗೆ ಸೇರಿದ ದಿನ ನಿನಗೆ ಎಷ್ಟು ಜಂಭದಿಂದ ವಿವರಿಸಿದ್ದೆ, ನೆನಪಿದೆಯಾ? ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದರೆ ಏನೆಂದು ನೀನು ಕೇಳಿದೆ. ಯಾವ ಕೆಲಸ ಯಾರು ಯಾವಾಗ ಮಾಡಬೇಕು, ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಎಂದು ಮೊದಲೇ ಯೋಚಿಸಿ ನಡೆಸುವುದು ಎಂದೆ. ನೀನು ಇಸ್ತ್ರಿ ಮೇಜಿನಿಂದ ತಲೆ ಎತ್ತದೆ, "ಅಯ್ಯೋ, ಅದಕ್ಕೂ ಸರ್ಟಿಫಿಕೇಟ್ ಕೊಡ್ತಾರಾ? ಹಾಗಾದ್ರೆ ನಮ್ಮ ಲಾಂಡ್ರಿಯವರಿಗೆಲ್ಲ ಒಂದೊಂದು ಕೊಡ್ಲಿ" ಎಂದೆ. ಎಲ್ಲರೂ ನಕ್ಕರು. ನನಗೆ ಮಾತ್ರ ಸಿಟ್ಟು ಬಂದಿತ್ತು. ಇವರಿಗೇನು ಅರ್ಥವಾಗುತ್ತೆ ಎಂದುಕೊಂಡೆ. ಶಾಲೆ ಬಿಟ್ಟ ಮೇಲೆ ಅಮ್ಮ ಅಂಗಡಿ ಕೆಲಸ ಮುಗಿಸಿ ಬರುವವರೆಗೂ ನನ್ನನ್ನು ಅದೇ ಲಾಂಡ್ರಿಯಲ್ಲಿ, ಬೆಚ್ಚಗಿನ ಶೀಟುಗಳ ಗುಡ್ಡೆಯ ಮೇಲೆ ಕೂರಿಸಿ ಹೋಂವರ್ಕ್ ಮಾಡಿಸಿದವಳು ನೀನು. ಹಿಂದಿನ ಆಡಳಿತಾಧಿಕಾರಿಯ ಬಾಗಿಲಲ್ಲಿ ನಿಂತು, "ನಮ್ಮಕ್ಕನ ಮಗಳು, ಲೆಕ್ಕಪತ್ರ ಚೆನ್ನಾಗಿ ಬರೀತಾಳೆ" ಎಂದು ನನಗೆ ಆಫೀಸಿನಲ್ಲಿ ಕುರ್ಚಿ ಕೊಡಿಸಿದವಳೂ ನೀನೇ. ಆ ಕುರ್ಚಿಯಲ್ಲಿ ಕೂತ ಮೇಲೆ ನಾನು ನಿನ್ನನ್ನು ಮನೆಯಲ್ಲಿ ಚಿಕ್ಕಮ್ಮ ಎಂದೂ ಆಸ್ಪತ್ರೆಯಲ್ಲಿ ಮೇಡಂ ಎಂದೂ ಕರೆಯತೊಡಗಿದೆ. ಶಿಸ್ತು ಎಂದು ನಿನಗೆ ಹೇಳಿದ್ದೆ. ಶಿಸ್ತೂ ಇಲ್ಲ, ಗಿಸ್ತೂ ಇಲ್ಲ. ಲಾಂಡ್ರಿಯವಳ ಅಕ್ಕನ ಮಗಳು ಎಂದು ಯಾರೂ ಅನ್ನಬಾರದು, ಅಷ್ಟೇ.

ಆ ಕೋರ್ಸಿನಲ್ಲಿ ಬರೆದು ಪಾಸಾಗುವ ಪರೀಕ್ಷೆ ಇರಲಿಲ್ಲ. ನಮ್ಮ ನಮ್ಮ ಜಾಗದಲ್ಲೇ ಒಂದು ನಿಜವಾದ ಕೆಲಸ ಮಾಡಿ ತೋರಿಸಬೇಕು, ಅದರ ಪುರಾವೆಗಳನ್ನೆಲ್ಲ ಫೈಲಿನಲ್ಲಿ ಜೋಡಿಸಬೇಕು, ಪರೀಕ್ಷಕರು ಎರಡು ಸಲ ಬಂದು ನೋಡುತ್ತಾರೆ, ಕೊನೆಗೆ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನನಗೆ ಸಿಕ್ಕ ಕೆಲಸ ನಿನ್ನ ಲಾಂಡ್ರಿಯನ್ನು ಹಳೆಯ ನೆಲಮಾಳಿಗೆಯಿಂದ ಆಸ್ಪತ್ರೆಯ ಹಿಂಬದಿಯ ಹೊಸ ಕಟ್ಟಡಕ್ಕೆ ಸಾಗಿಸುವುದು. ಒಂದು ದಿನವೂ ವಾರ್ಡುಗಳಿಗೆ ಶೀಟು ತಪ್ಪಬಾರದು. ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದ ಆ ಪರೀಕ್ಷಕರಿಗೆ ನೀನು ಮೊದಲ ದಿನವೇ 'ಪೆನ್ಸಿಲ್ ಮೇಷ್ಟ್ರು' ಎಂದು ಹೆಸರಿಟ್ಟೆ. ಅವರು ಹೊರಡುವಾಗ ನನಗೊಂದು ಮಾತು ಹೇಳಿ ಹೋಗಿದ್ದರು. "ತಪ್ಪೇ ಇಲ್ಲದ ಫೈಲು ತರಬೇಡಿ ಮೇಡಂ, ನನಗೆ ನಂಬಿಕೆ ಬರಲ್ಲ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಅದರಿಂದ ನೀವೇನು ಕಲಿತ್ರಿ, ಅದನ್ನ ಬರೀರಿ." ಇಷ್ಟು ಬಿಡಿಸಿ ಹೇಳಿದ್ದರು, ಚಿಕ್ಕಮ್ಮ. ಆದರೂ ನನ್ನ ತಲೆಗೆ ಹೋಗಲಿಲ್ಲ.

ಎರಡನೇ ವಾರ ನಾನು ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಬಣ್ಣಬಣ್ಣದ ಚೀಟಿ ಹಚ್ಚುತ್ತಿದ್ದೆ. ನೀನು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಆ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದೆ. "ಎಲ್ಲಾ ಚೆನ್ನಾಗಿದೆ ಕಣೇ. ಆದ್ರೆ ಹೊಸ ಬಾಯ್ಲರ್ ನೋಡೋಕೆ ಇನ್‌ಸ್ಪೆಕ್ಟರ್ ಬರ್ಬೇಕಲ್ಲ, ಅದೆಲ್ಲಿದೆ? ಅವ್ರು ನೋಡಿ ಸಹಿ ಹಾಕದೆ ಅದನ್ನ ಹೊತ್ತಿಸೋ ಹಾಗಿಲ್ಲ. ಈಗ್ಲೇ ಕಾಗದ ಹಾಕು, ತಿಂಗಳ ಮುಂಚೆ ಹೇಳಿದ್ರೂ ಅವ್ರು ಬರೋದು ಕಷ್ಟ." ನಾನು "ಹೂಂ, ಬರ್ಕೊಂಡಿದೀನಿ" ಎಂದೆ. ಬರೆದುಕೊಂಡಿರಲಿಲ್ಲ. ಆ ಕ್ಷಣ ನನಗೆ ನೀಲಿ ಚೀಟಿ ಸಾಲುತ್ತಿಲ್ಲ ಎಂಬುದೇ ದೊಡ್ಡ ಚಿಂತೆಯಾಗಿತ್ತು. ಮುಂದಿನ ತಿಂಗಳು ಲಿಫ್ಟಿನ ಹತ್ತಿರ ನೀನು ಮತ್ತೆ ನೆನಪಿಸಿದೆ. ಪಕ್ಕದಲ್ಲಿ ಹೊಸ ಆಡಳಿತಾಧಿಕಾರಿ ಇದ್ದರು. ನೀನು ಅವರ ಎದುರೇ "ಲೇ, ಬಾಯ್ಲರ್ ವಿಷ್ಯ ಏನಾಯ್ತೇ?" ಎಂದಾಗ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. "ನೋಡ್ಕೋತೀನಿ ಮೇಡಂ" ಎಂದು ಲಿಫ್ಟ್ ಹತ್ತಿಬಿಟ್ಟೆ. ಮೂರನೇ ಮಹಡಿ ಬರುವಷ್ಟರಲ್ಲಿ ಬಾಯ್ಲರ್ ಮರೆತುಹೋಗಿತ್ತು, ನೀನು 'ಲೇ' ಎಂದದ್ದು ಮಾತ್ರ ಸಂಜೆವರೆಗೂ ಕುಟುಕುತ್ತಿತ್ತು.

ಇನ್ನೊಂದನ್ನೂ ನೀನು ಹೇಳಿದ್ದೆ. ಒಂದು ಹಾಸಿಗೆಗೆ ಮೂರು ಶೀಟು ಎಂಬುದು ನಿನ್ನ ಲೆಕ್ಕ. ಹಾಸಿದ್ದೊಂದು, ನೀರಿನಲ್ಲಿ ಒಂದು, ಕಪಾಟಿನಲ್ಲಿ ಒಂದು. ಸಾಗಿಸುವ ದಿನಗಳಲ್ಲಿ ನಾಲ್ಕನೆಯದು ಬೇಕು ಎಂದೆ. ನಾನು ಒಪ್ಪಲಿಲ್ಲ. ಹರಿದ ಶೀಟುಗಳನ್ನೆಲ್ಲ ರದ್ದಿಗೆ ಹಾಕಿ, ಹಗುರಾಗಿ ಹೊಸ ಕಟ್ಟಡಕ್ಕೆ ಹೋಗೋಣ ಎಂದು ಪಟ್ಟಿ ಮಾಡಿ ಕೊಟ್ಟೆ. ನೀನು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ತಿಳಿಯಿತು, ಎರಡು ತಿಂಗಳು ನೀನೂ ನಿನ್ನ ಲಾಂಡ್ರಿಯ ಹೊಲಿಗೆಯ ಅಕ್ಕನೂ ಊಟದ ಬಿಡುವಿನಲ್ಲಿ ಕೂತು ಆ ರದ್ದಿ ಶೀಟುಗಳಿಗೆಲ್ಲ ತೇಪೆ ಹಾಕಿ, ಒಗೆದು, ಇಸ್ತ್ರಿ ಮಾಡಿ, ಹಿಂದಿನ ಕಪಾಟಿನಲ್ಲಿ ತುಂಬಿಟ್ಟಿದ್ದಿರಿ ಎಂದು.

ಶನಿವಾರ, ಭಾನುವಾರ ಸಾಗಾಟ ನಡೆಯಿತು. ಹಳೆಯ ಬಾಯ್ಲರ್ ಸದಾ ಗೊಣಗುತ್ತಿತ್ತು ಎಂದು ನೀವೆಲ್ಲ ಅದನ್ನು 'ಮಾವ' ಎನ್ನುತ್ತಿದ್ದಿರಿ. ಭಾನುವಾರ ಮಧ್ಯಾಹ್ನ ಮಾವನ ಪೈಪು ಕತ್ತರಿಸಿದಾಗ ನೀನು ಅದರ ಹೊಟ್ಟೆ ಸವರಿ, "ಹೋಗ್ಬಾ ಮಾವ, ಗೊಣಗಿದ್ದು ಸಾಕು" ಎಂದೆ. ನಾನು ಫೋಟೋ ತೆಗೆದೆ. ಹನ್ನೆರಡನೇ ಪುಟದಲ್ಲಿದೆ. ಸೋಮವಾರ ಬೆಳಿಗ್ಗೆ ಬಾಯ್ಲರ್ ನೋಡಿಕೊಳ್ಳುವವನು, "ಇನ್‌ಸ್ಪೆಕ್ಟರ್ ಸಹಿ ಎಲ್ಲಿ ಮೇಡಂ? ಸಹಿ ಇಲ್ದೆ ನಾನು ಮುಟ್ಟಲ್ಲ" ಎಂದು ಕೈಕಟ್ಟಿ ನಿಂತ. ಹಬೆ ಇಲ್ಲದೆ ಒಂದು ಮಿಷನ್ನೂ ತಿರುಗುವ ಹಾಗಿರಲಿಲ್ಲ. ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದರೆ ಬುಧವಾರ ಬರುತ್ತೇನೆ ಎಂದರು, ಅದೂ ದೊಡ್ಡ ಉಪಕಾರವೆನ್ನುವ ಹಾಗೆ.

ನೀನು ನನ್ನ ಮುಖ ನೋಡಿದೆ, ಅಷ್ಟೇ. 'ಹೇಳಿರಲಿಲ್ವಾ?' ಎಂದು ಒಂದು ಮಾತು ಕೇಳಲಿಲ್ಲ. ಹಿಂದಿನ ಕಪಾಟಿನ ಬೀಗ ತೆಗೆದು ತೇಪೆಯ ಶೀಟುಗಳನ್ನು ಗಾಡಿಗಳ ಮೇಲೆ ಪೇರಿಸಿ ವಾರ್ಡುಗಳಿಗೆ ಕಳಿಸಿದೆ. ಆಪರೇಷನ್ ಥಿಯೇಟರಿನ ಬಟ್ಟೆಗಳನ್ನು ಎಣಿಸಿ, ತುರ್ತು ಕೇಸುಗಳಿಗೆ ಮಾತ್ರ ಎತ್ತಿಡಿಸಿದೆ. ಹಾಗಾಗಿ ಎರಡು ಆಪರೇಷನ್ ಮುಂದಕ್ಕೆ ಹೋದವು. ಅದರಲ್ಲಿ ಒಬ್ಬರು ಬಸ್ ಡ್ರೈವರ್. ಹಿಂದಿನ ದಿನದಿಂದ ಏನೂ ತಿನ್ನದೆ ಮಲಗಿದ್ದ ಮನುಷ್ಯ, "ಬಟ್ಟೆ ಒಗೆದಿಲ್ಲ ಅಂತ ಕೇಳೋಕೆ ನಾನು ಖಾಲಿ ಹೊಟ್ಟೇಲಿ ಕಾದಿದ್ನಾ?" ಎಂದು ವಾರ್ಡ್ ಹಾರಿಹೋಗುವ ಹಾಗೆ ಕೂಗಾಡಿದರು. ಅವರ ಹತ್ತಿರ ಹೋಗಿ ಕ್ಷಮೆ ಕೇಳಬೇಕಾದವಳು ನಾನು. ಹೋದವಳು ನೀನು. ನಾನೆಲ್ಲಿದ್ದೆ ಗೊತ್ತಾ? ಹಳೇ ದಾಖಲೆಗಳ ಕೋಣೆಯಲ್ಲಿ, ಏನೋ ಹುಡುಕುವವಳ ಹಾಗೆ ರಟ್ಟಿನ ಪೆಟ್ಟಿಗೆಗಳನ್ನು ತೆಗೆದು ಇಡುತ್ತಿದ್ದೆ. ನೀನು ಮಾಡಿದ ಫೋನ್ ಅಲ್ಲಿ ಸಿಗಲಿಲ್ಲ ಎಂದು ಆಮೇಲೆ ನಿನಗೆ ಹೇಳಿದ್ದೂ ಸುಳ್ಳು.

ಈಗ ಆ ಪುಟಕ್ಕೆ ಬರುತ್ತೇನೆ. 'ಎದುರಾದ ತೊಂದರೆಗಳು, ಕಲಿತ ಪಾಠಗಳು' ಎಂಬುದು ಅದರ ತಲೆಬರಹ. ಎರಡು ದಿನ ಖಾಲಿ ಇಟ್ಟಿದ್ದೆ. ನಾನು ಮರೆತೆ ಎಂದು ಬರೆದರೆ ಫೇಲು ಎಂದುಕೊಂಡೆ. ಕೆಲಸ ನಡೆಸಲು ಕಲಿತವಳೇ ಮುಖ್ಯವಾದದ್ದನ್ನು ಮರೆತರೆ ಯಾರು ಸರ್ಟಿಫಿಕೇಟು ಕೊಡುತ್ತಾರೆ? ಕೊನೆಗೆ ಬರೆದದ್ದು ಇದು: 'ಬಾಯ್ಲರ್ ತಪಾಸಣೆಯ ಅಗತ್ಯವನ್ನು ಲಾಂಡ್ರಿ ಮುಖ್ಯಸ್ಥರು ಸಕಾಲದಲ್ಲಿ ತಿಳಿಸಲಿಲ್ಲ. ಹಿರಿಯ ಸಿಬ್ಬಂದಿ ಹೊಸ ಪದ್ಧತಿಗೆ ಹೊಂದಿಕೊಳ್ಳುವಲ್ಲಿ ಹಿಂದುಳಿದಿದ್ದರು. ಇಂಥ ಸಂದರ್ಭವನ್ನು ಮೊದಲೇ ಊಹಿಸಿ ನಾನು ನಾಲ್ಕನೇ ಸೆಟ್ ಶೀಟುಗಳನ್ನು ಸಿದ್ಧವಿರಿಸಿದ್ದರಿಂದ ವಾರ್ಡುಗಳಿಗೆ ತೊಂದರೆಯಾಗಲಿಲ್ಲ.' ಒಂದಕ್ಷರ ಬದಲಿಸದೆ ಇಲ್ಲಿ ಇಳಿಸಿದ್ದೇನೆ. ನನ್ನ ಮರೆವನ್ನು ನಿನ್ನ ತಲೆಗೆ ಕಟ್ಟಿದೆ, ನಿನ್ನ ಮುಂದಾಲೋಚನೆಯನ್ನು ನನ್ನ ಹೆಸರಿಗೆ ಬರೆದುಕೊಂಡೆ. ಗೂಬೆ ಕೂರಿಸುವುದಕ್ಕೆ ಇಡೀ ಆಸ್ಪತ್ರೆಯಲ್ಲಿ ನಿನ್ನ ತಲೆಯೇ ಬೇಕಾಯಿತಲ್ಲ ನನಗೆ! ಬೇರೆ ಯಾರಾದರೂ ಆಗಿದ್ದರೆ ತಿರುಗಿ ಕೇಳುತ್ತಿದ್ದರು ಎಂಬ ಲೆಕ್ಕ ಒಳಗೊಳಗೇ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಆ ಪುಟಕ್ಕೆ ಸಾಕ್ಷಿಯ ಸಹಿ ಬೇಕಿತ್ತು. ನಿನ್ನ ಹತ್ತಿರವೇ ಬಂದೆ. ನೀನು ಒದ್ದೆ ಕೈ ಒರೆಸಿಕೊಂಡು, "ಎಲ್ಲಿ ಹಾಕ್ಬೇಕು?" ಎಂದೆ. ನಾನು ಬೆರಳಿಟ್ಟು ತೋರಿಸಿದೆ. ನನ್ನ ಅಂಗೈ ಮೇಲಿನ ಸಾಲುಗಳ ಮೇಲಿತ್ತು, ಚಿಕ್ಕಮ್ಮ. ಅದು ತಾನಾಗಿ ಅಲ್ಲಿ ಬಿದ್ದದ್ದಲ್ಲ. ನೀನು ಹಾಳೆಯನ್ನು ಸ್ವಲ್ಪ ಎಳೆದುಕೊಂಡಾಗ ಅಂಗೈಯೂ ಅದರ ಜೊತೆಗೇ ಸರಿಯಿತು. "ಓದೋದೇನು, ನೀನು ಬರೆದಿದ್ದಲ್ವಾ" ಎಂದು ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಯಾರೂ ಕೇಳದಿದ್ದರೂ ಅದರ ಕೆಳಗೆ, 'ಈಕೆ ಹೇಳಿದ ಕೆಲಸ ತಪ್ಪದೆ ಮಾಡುತ್ತಾಳೆ' ಎಂದು ಒಂದು ಸಾಲು ಸೇರಿಸಿದೆ. ಆಗಲಾದರೂ ಆ ಹಾಳೆ ಹರಿದುಹಾಕಬಹುದಿತ್ತು. ನಾನು ಥ್ಯಾಂಕ್ಸ್ ಹೇಳಿ ಹೋದೆ.

ಪೆನ್ಸಿಲ್ ಮೇಷ್ಟ್ರು ಎರಡನೇ ಸಲ ಬಂದಾಗ ನಿನ್ನನ್ನೂ ಮಾತಾಡಿಸಿದರು. ನಾನು ಬಾಗಿಲ ಆಚೆ ಕಿವಿಗೊಟ್ಟು ನಿಂತಿದ್ದೆ. ಬಾಯ್ಲರ್ ಯಾಕೆ ತಡವಾಯಿತು ಎಂದು ಅವರು ಕೇಳಿದರು. ನಾನು ಮರೆತದ್ದು ಎಂದು ನೀನು ಹೇಳುತ್ತೀಯ, ಮುಗಿಯಿತು ನನ್ನ ಕಥೆ ಎಂದುಕೊಂಡೆ. ನೀನು, "ನಮ್ಮ ಲಾಂಡ್ರಿ ಕಡೆಯಿಂದಲೇ ತಡ ಆಯ್ತು ಸಾರ್, ಹುಡುಗಿ ಪಾಪ ಬಹಳ ಓಡಾಡಿದ್ಲು" ಎಂದೆ. ನನ್ನನ್ನು ಉಳಿಸಲು ಹೇಳಿದ ಮಾತು. ಅವರು ಅದನ್ನು ನಲವತ್ತೊಂದನೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ನೋಡು, ಈಗಲೂ ಅಲ್ಲಿದೆ.

ಸರ್ಟಿಫಿಕೇಟು ಬಂತು. ನನಗೆ ಪ್ರತ್ಯೇಕ ಕೋಣೆ, ಬಾಗಿಲಿಗೆ ಹೆಸರಿನ ಫಲಕ. ಫೈಲಿನ ಒಂದು ಪ್ರತಿ ಆಡಳಿತಾಧಿಕಾರಿಯ ಮೇಜಿಗೆ ಹೋಯಿತು. ಹೊಸ ಲಾಂಡ್ರಿಗೆ ಯಾರನ್ನು ಮುಖ್ಯಸ್ಥರನ್ನಾಗಿ ಮಾಡುವುದು ಎಂಬ ಸಭೆಯಲ್ಲಿ ಅವರು ಆ ಪುಟವನ್ನೇ ಓದಿದರು. ಆ ಸಭೆಯಲ್ಲಿ ನಾನೂ ಇದ್ದೆ. ನನ್ನ ಎದುರು ನೀರಿನ ಲೋಟ ಇತ್ತು, ಅದನ್ನೇ ನೋಡುತ್ತಿದ್ದೆ. ನೀರು ಹರಿದುಹೋಗುವ ಮೋರಿ ಎಲ್ಲಿರಬೇಕು, ಮಡಚುವ ಮೇಜು ಎಷ್ಟು ಎತ್ತರವಿದ್ದರೆ ಹೆಂಗಸರ ಸೊಂಟ ನೋಯುವುದಿಲ್ಲ ಎಂದು ಇಂಚಿಂಚು ಹೇಳಿ ಕಟ್ಟಿಸಿದವಳು ನೀನು. ಆ ಲಾಂಡ್ರಿಗೆ ಮುಖ್ಯಸ್ಥನಾಗಿ ಹೊರಗಿನಿಂದ ಒಬ್ಬ ಟೈ ಕಟ್ಟಿದವನು ಬಂದ. ನಿನಗೆ ಯೂನಿಫಾರ್ಮ್ ಕೊಡುವ ಕೌಂಟರಿನ ಸ್ಟೂಲು ಸಿಕ್ಕಿತು. "ವಯಸ್ಸಾಯ್ತಲ್ಲ ಕಣೇ, ಹೊಸ ಮಿಷನ್ನಿಗೆ ಹೊಸ ಜನ ಬೇಕು" ಎಂದು ನೀನು ನನ್ನನ್ನೇ ಸಮಾಧಾನ ಮಾಡಿದೆ. ಹನ್ನೊಂದು ತಿಂಗಳಾಯಿತು. ಬೆಳಿಗ್ಗೆ ನಿನ್ನ ಕೌಂಟರ್ ತಪ್ಪಿಸಲು ನಾನು ಹಿಂದಿನ ಮೆಟ್ಟಿಲು ಹತ್ತುತ್ತೇನೆ. ವ್ಯಾಯಾಮ ಒಳ್ಳೆಯದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ಹೋದ ಮಂಗಳವಾರ ನೀನು ನನ್ನ ಕೋಣೆಗೆ ಬಂದೆ. ಬಾಗಿಲು ತಟ್ಟಿ ಬಂದೆ, ನನ್ನನ್ನು ಚುಚ್ಚಲು ಅದೇ ಸಾಕಾಗಿತ್ತು. ಊರಾಚೆಯ ಆಸ್ಪತ್ರೆಗೆ ಲಾಂಡ್ರಿ ಮುಖ್ಯಸ್ಥೆ ಬೇಕಂತೆ, ಸರ್ಟಿಫಿಕೇಟು ಇರಬೇಕಂತೆ ಎಂದೆ. "ಕೆಲಸ ನೋಡಿ ಪಾಸ್ ಮಾಡ್ತಾರಲ್ಲ, ನಿನ್ನ ಪೆನ್ಸಿಲ್ ಮೇಷ್ಟ್ರ ಪರೀಕ್ಷೆ, ಅದನ್ನ ನಾನೂ ಕೊಡ್ಬಹುದಾ? ನಿನ್ನ ಫೈಲ್ ಕೊಡೇ, ನೋಡ್ಕೊಂಡು ಹಾಗೇ ಬರೀತೀನಿ. ನಮ್ಮ ಕೆಲಸದ ಬಗ್ಗೆ ಏನೇನು ಬರೆದಿದೀಯ ಅಂತ ಓದೋ ಆಸೆನೂ ಇದೆ." ನೀನು ಹೊಸ ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೆ. ಐವತ್ತಾರು ವರ್ಷದವಳು, ನಾಚಿಕೊಂಡು ನಗುತ್ತಿದ್ದೆ.

ನಾನೇನು ಮಾಡಿದೆ ಹೇಳಲಾ? ನಿನಗೆ ಕೊಡಲೆಂದು ಬೇರೊಂದು ನಲವತ್ತೊಂದನೇ ಪುಟ ತಯಾರು ಮಾಡಿದೆ. ಅದರಲ್ಲಿ ನಿನ್ನನ್ನು ಹೊಗಳಿದ್ದೆ, ಬಾಯ್ಲರಿನ ಸುದ್ದಿಯೇ ಇರಲಿಲ್ಲ. ಅದೇ ಕಾಗದ, ಅದೇ ಅಕ್ಷರ. ತೂತು ಹೊಡೆದು ಫೈಲಿಗೆ ಸೇರಿಸಿ ಮುಚ್ಚಿದೆ. ತೆರೆದು ನೋಡಿದರೆ, ನಿನ್ನ ಸಹಿಯೂ ಮೇಷ್ಟ್ರ ಪೆನ್ಸಿಲ್ ಗುರುತೂ ಇಲ್ಲ ಎಂಬುದು ಬಿಟ್ಟು, ನನಗೇ ವ್ಯತ್ಯಾಸ ಕಾಣಲಿಲ್ಲ. ಹೆದರಿಕೆಯಾಯಿತು, ಚಿಕ್ಕಮ್ಮ. ಮೊದಲ ಸುಳ್ಳಿಗೆ ಎರಡು ದಿನ ಹಿಡಿದಿತ್ತು, ಇದಕ್ಕೆ ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಆ ಹಾಳೆ ಕಿತ್ತು, ಹಳೆಯದನ್ನೇ ಮತ್ತೆ ಹಾಕಿದೆ.

ಆಮೇಲೆ ಪೆನ್ಸಿಲ್ ಮೇಷ್ಟ್ರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಅವರು, "ಮರೆತೆ ಅಂತ ಬರೆದಿದ್ರೂ ಪಾಸ್ ಮಾಡ್ತಿದ್ದೆನಲ್ರೀ. ಆ ಪುಟ ಇರೋದೇ ಅದಕ್ಕೆ" ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಫೋನ್ ಇಟ್ಟು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ನಿಜ ಹೇಳಿದ್ದರೆ ನನಗೂ ಸಿಗುತ್ತಿತ್ತು, ನಿನ್ನದೂ ಉಳಿಯುತ್ತಿತ್ತು. ಯಾವುದಕ್ಕೂ ಬೇಕಿಲ್ಲದ ಸುಳ್ಳಿಗೆ ನಿನ್ನನ್ನು ಬಲಿ ಕೊಟ್ಟುಬಿಟ್ಟೆ.

ನಿನ್ನೆ ಆಡಳಿತಾಧಿಕಾರಿಗೂ ಹೇಳಿದೆ. ಆ ಟೈ ಕಟ್ಟಿದವನನ್ನು ಈಗ ತೆಗೆಯಲು ಬರುವುದಿಲ್ಲವಂತೆ. ನಿನ್ನ ಕಡತದಲ್ಲಿ ನಿಜ ಸಂಗತಿ ಬರೆಸುತ್ತಾರಂತೆ, ನನ್ನ ಮೇಲೆ ವಿಚಾರಣೆ ನಡೆಯುತ್ತದಂತೆ. ನಿನ್ನ ಲಾಂಡ್ರಿ ನಿನಗೆ ವಾಪಸ್ ಸಿಗಲಿಲ್ಲ. ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟವಾಯಿತು.

ಸರ್ಟಿಫಿಕೇಟನ್ನು ತಪ್ಪೊಪ್ಪಿಗೆಯ ಜೊತೆ ಕೋರ್ಸಿನವರಿಗೇ ವಾಪಸ್ ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿ ಬಂದೆ. ಹಾಕಿದ ಮೇಲೆಯೇ ಈ ಕಾಗದ ಶುರು ಮಾಡಿದ್ದು. ಮೊದಲು ನಿನಗೆ ಹೇಳಿದ್ದರೆ ನೀನು ಓಡಿಬಂದು ಲಕೋಟೆ ಕಿತ್ತುಕೊಳ್ಳುತ್ತಿದ್ದೆ. ನಾನೂ ಕೊಟ್ಟುಬಿಡುತ್ತಿದ್ದೆ.

ನೀನು ಆ ಪರೀಕ್ಷೆ ಕೊಡಲೇಬೇಕು. ಮೇಷ್ಟ್ರಿಗೆ ನಿನ್ನ ವಿಷಯ ಹೇಳಿದ್ದೇನೆ, ಬರಹೇಳಿ ಎಂದರು. ನೀನು ಕೊಟ್ಟ ಬಾಯ್ಲರಿನ ಎಚ್ಚರಿಕೆ ನನ್ನ ತಪ್ಪೊಪ್ಪಿಗೆಯಲ್ಲಿದೆ. ನಾಲ್ಕನೇ ಸೆಟ್ಟು, ಮೇಜಿನ ಎತ್ತರ, ಥಿಯೇಟರ್ ಬಟ್ಟೆಯ ಹಂಚಿಕೆ, ಎಲ್ಲಕ್ಕೂ ಈ ಫೈಲಿನಲ್ಲೇ ತಾರೀಖು ಸಮೇತ ಪುರಾವೆ ಇದೆ. ಎಲ್ಲೆಲ್ಲಿ 'ನಾನು' ಎಂದಿದೆಯೋ ಅಲ್ಲೆಲ್ಲ ನೀನು ಮಾಡಿದ್ದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಅರ್ಧಕ್ಕಿಂತ ಹೆಚ್ಚು ಕೆಂಪಾಗಿದೆ. ನಿನಗೆ ಸಾಕ್ಷಿಯಾಗಿ ಹೊಲಿಗೆಯ ಅಕ್ಕ ಬರುತ್ತೇನೆ ಎಂದಿದ್ದಾಳೆ. ನನ್ನನ್ನು ಕೇಳಬೇಡ, ನನ್ನ ಸಹಿಗೆ ಈಗ ಬೆಲೆ ಇಲ್ಲ.

ಕೊನೆಯದಾಗಿ ಒಂದು ಬೇಡಿಕೆ. ಇದನ್ನು ಓದಿ ಮುಗಿಸಿ ನೀನು ಏನು ಮಾಡುತ್ತೀಯ ಎಂದು ನನಗೆ ಗೊತ್ತು. ಕಾಗದ ಮಡಚಿ ಫೈಲಿನ ಮೇಲಿಡುತ್ತೀಯ. ಆಮೇಲೆ ಎದ್ದು ನನ್ನ ಬಾಗಿಲಿಗೆ ಬಂದು, "ಹೋಗ್ಲಿ ಬಿಡು, ಆಗಿದ್ದು ಆಯ್ತು" ಎನ್ನುತ್ತೀಯ. ದಯವಿಟ್ಟು ಹಾಗನ್ನಬೇಡ. ಬೈಯಿ, ಬಾಯಿಗೆ ಬಂದ ಹಾಗೆ ಬೈಯಿ, ತಿಂಗಳುಗಟ್ಟಲೆ ಮಾತು ಬಿಡು. 'ಹೋಗ್ಲಿ ಬಿಡು' ಮಾತ್ರ ಬೇಡ. ನೀನು ಹಾಗಂದರೆ ನಾನು ನಿಜವಾಗಿಯೂ ಬಿಟ್ಟುಬಿಡುತ್ತೇನೆ, ಚಿಕ್ಕಮ್ಮ. ಅಷ್ಟು ಸಲೀಸಾಗಿ ಬಿಡುವವಳು ನಾನು.

ನಿನ್ನ ಪರೀಕ್ಷೆ ಚೆನ್ನಾಗಿ ಆಗಲಿ, ಕೈಕಾಲು ಗಟ್ಟಿಯಿರಲಿ, ನೀನು ಹೋಗುವ ಹೊಸ ಜಾಗದಲ್ಲಿ ನಿನ್ನ ಮಾತು ಕೇಳುವ ಜನ ಸಿಗಲಿ. ಕಾಗದದ ಕೊನೆಗೆ ನಿನ್ನ ಆಶೀರ್ವಾದ ಕೇಳುವುದು ವಾಡಿಕೆ. ಈ ಸಲ ಕೇಳುತ್ತಿಲ್ಲ.

ತಲೆತಗ್ಗಿಸಿ,
ನಿನ್ನ ಅಕ್ಕನ ಮಗಳು